ಎರಡು ಬೆಲ್ಲು, ಎರಡು ಕಿವಿ

ಮಾತಾಡದ ಕ್ಷೌರಿಕನ ಅಂಗಡಿಗೆ ಯಾರು ತಾನೇ ಹೋಗುತ್ತಾರೆ ಹೇಳಿ? ತಲೆ ಕೊಟ್ಟು ಕೂತವನಿಗೆ ಊರ ಸುದ್ದಿ ಬೇಕು, ರಾಜಕೀಯ ಬೇಕು, ಪಕ್ಕದ ಬೀದಿಯ ಜಗಳ ಎಲ್ಲಿಗೆ ಬಂತು ಎಂದು ತಿಳಿಯಬೇಕು. ಕತ್ತರಿಯ ಜೊತೆ ನಾಲಿಗೆಯೂ ಓಡಿದರೇ ಅದು ಕಟಿಂಗ್ ಶಾಪು. ಈ ಮನುಷ್ಯನಿಗೋ, ದೇವರು ಕೈಗೆ ಕೊಟ್ಟ ಚುರುಕನ್ನು ಬಾಯಿಗೆ ಕೊಡಲು ಮರೆತುಬಿಟ್ಟಿದ್ದ. "ಕೂತ್ಕೊಳ್ಳಿ", "ತಲೆ ಬಗ್ಗಿಸಿ", "ಆಯ್ತು". ಇಷ್ಟರಲ್ಲೇ ಅವನ ದಿನದ ಮಾತು ಮುಗಿಯುತ್ತಿತ್ತು. ಮನೆಯಲ್ಲೂ ಅದೇ ಕಥೆ. "ನಿಮ್ಮನ್ನ ಕಟ್ಕೊಂಡು ನಾನು ಗೋಡೆ ಜೊತೆ ಮಾತಾಡೋದು ಕಲ್ತೆ ಕಣ್ರೀ. ಗೋಡೆಯಾದ್ರೂ ಒಂದೊಂದ್ಸಲ ಬಿರುಕು ಬಿಡತ್ತೆ," ಎಂದು ಹೆಂಡತಿ ಹೇಳಿದರೆ ಅದಕ್ಕೂ ಅವನ ಉತ್ತರ "ಹೂಂ" ಅಷ್ಟೇ.

ದೊಡ್ಡವರು ಹೇಗೋ ಸಹಿಸಿಕೊಂಡರು. ಕೈ ಚೆನ್ನಾಗಿದೆಯಲ್ಲ, ಬಾಯಿಲ್ಲದಿದ್ದರೆ ಕತ್ತೆ ಬಾಲ ಎಂದುಕೊಂಡು ಬಂದು ಹೋಗುತ್ತಿದ್ದರು. ಮಕ್ಕಳದ್ದೇ ಪಜೀತಿ. ನಗುವಿಲ್ಲದ, ತುಟಿ ಬಿಚ್ಚದ ಒಬ್ಬ ಆಸಾಮಿ ಕತ್ತರಿ ಹಿಡಿದು ಹಿಂದಿನಿಂದ ಬರುವುದನ್ನು ಕನ್ನಡಿಯಲ್ಲಿ ಕಂಡರೆ ಯಾವ ಮಗು ಸುಮ್ಮನೆ ಕೂತೀತು? ಕುರ್ಚಿಯ ಕೈಗಳಿಗೆ ಅಡ್ಡಲಾಗಿ ಹಲಗೆ ಇಟ್ಟು, ಮಗುವನ್ನು ಅದರ ಮೇಲೆ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟುವ ಹೊತ್ತಿಗೆ ರಂಪ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಅವನ ಸ್ವಂತ ಮಗ, ಐದು ವರ್ಷದ ಪೋರ, ಅಪ್ಪನ ಅಂಗಡಿಗೆ ಹೋಗೋಣ ಎಂದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ.

ಕೊನೆಗೆ ದಾರಿ ಹುಡುಕಿದವಳು ಹೆಂಡತಿಯೇ. "ನಿಮ್ಮ ಬಾಯಿ ಬಿಡಿಸೋಕೆ ನನ್ನ ಕೈಲೇ ಆಗ್ಲಿಲ್ಲ, ಆ ಮಕ್ಕಳ ಕೈಲಾಗತ್ತಾ? ಬಾಯಿರೋ ಒಂದು ಪೆಟ್ಟಿಗೇನಾದ್ರೂ ತಂದಿಡಿ ಅಂಗಡೀಲಿ," ಎಂದವಳೇ ಯಾರೋ ಬೇಡವೆಂದ ಹಳೇ ಟಿವಿ ಒಂದನ್ನು ತರಿಸಿ, ಕನ್ನಡಿಯ ಮೇಲುಗಡೆ ಹಲಗೆ ಹೊಡೆಸಿ ಕೂರಿಸಿದಳು. ಮಗನನ್ನು ಎಳೆದುಕೊಂಡು ಬಂದು ಅದರ ಮುಂದೆ ಕೂರಿಸಿದ್ದೂ ಅವಳೇ. ಗುಂಡಿ ತಿರುಗಿಸಿದಾಗ ಬಂದದ್ದು 'ಅಂಚೆಹುಳು'.

ಅಂಚೆಹುಳು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಅದೊಂದು ಕಾರ್ಟೂನು. ಅದರ ನಾಯಕ ಬಸವನಹುಳು. ತಲೆಗೆ ಟೋಪಿ, ಚಿಪ್ಪಿನ ಮೇಲೆ ಚೀಲ, ಉದ್ಯೋಗ ಅಂಚೆ ಹಂಚುವುದು. ಒಂದು ಕಂತಿಗೆ ಒಂದೇ ಕಾಗದ, ಒಂದೇ ಮನೆ. ದಾರಿಯಲ್ಲಿ ಇರುವೆಗಳ ಸಾಲು ಅದನ್ನು ಹಿಂದೆ ಹಾಕಿ ಹೋಗಿ, ತಮ್ಮ ಕೆಲಸ ಮುಗಿಸಿಕೊಂಡು, ವಾಪಸ್ಸೂ ಬರುತ್ತಿದ್ದವು. ಹುಳುವಿಗೆ ಅದರಿಂದ ಬೇಸರವಿಲ್ಲ. ಪಿಚ ಪಿಚ ಸದ್ದು ಮಾಡುತ್ತ ಮನೆ ಸೇರಿ, ಕೊಂಬು ಉದ್ದ ಮಾಡಿ ಬೆಲ್ಲು ಒತ್ತುತ್ತಿತ್ತು. ಟಿರಿಂಗ್. ಆಮೇಲೆ ಏನೂ ಇಲ್ಲ. ಹಿನ್ನೆಲೆ ಸಂಗೀತವೂ ನಿಂತುಬಿಡುತ್ತಿತ್ತು. ಎಲ್ಲೋ ಒಂದು ನೊಣ ಗುಂಯ್ ಎನ್ನುತ್ತಿತ್ತು. ಹುಳುವಿನ ಒಂದು ಕೊಂಬು ಮೆಲ್ಲಗೆ ಕೆಳಗೆ, ಇನ್ನೊಂದು ಮೆಲ್ಲಗೆ ಮೇಲೆ. ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಮತ್ತೆ ಟಿರಿಂಗ್. ಮತ್ತೆ ಅದೇ ಕಾಯುವಿಕೆ, ಅದೇ ನೊಣ. ಕೊನೆಗೆ ಒಳಗಿನಿಂದ ಚಿಲಕದ ಸದ್ದು, ಟಕ್. ಬಾಗಿಲು ತೆರೆಯುತ್ತಿತ್ತು, ನೋಡುತ್ತಿದ್ದವರು ಹೋ ಎಂದು ನಗುತ್ತಿದ್ದರು.

ಆ ದಿನ ಮಗ ಉಸಿರು ಬಿಗಿಹಿಡಿದು ಬಾಗಿಲನ್ನೇ ನೋಡುತ್ತ ಕೂತುಬಿಟ್ಟ. ಕಲ್ಲಿನ ಬೊಂಬೆಯೂ ಅಷ್ಟು ನಿಶ್ಚಲವಾಗಿ ಕೂರುವುದಿಲ್ಲ. ಅಪ್ಪನಿಗೆ ಏನು ಹೊಳೆಯಿತೋ, ಮೊದಲ ಬೆಲ್ಲಿಗೆ ಬಲಗಿವಿಯ ಸುತ್ತ ಕತ್ತರಿಸಿದ, ಎರಡನೇ ಬೆಲ್ಲಿಗೆ ಎಡಗಿವಿ ಮುಗಿಸಿದ. ಟಕ್ ಎಂದದ್ದೇ ಕತ್ತರಿ ಮೇಲೆತ್ತಿ, ಹಿಂದಕ್ಕೆ ತಿರುಗಿ, ಗೂಡಿನಿಂದ ಪೌಡರಿನ ಬ್ರಷ್ಷು ತೆಗೆದುಕೊಂಡ. ನಗುವಾಗ ತಲೆ ಅಲ್ಲಾಡಿದರೂ ಅಪಾಯವಿಲ್ಲ. ಕ್ಷೌರದಲ್ಲಿ ನಾಜೂಕಿನ ಜಾಗವೆಂದರೆ ಕಿವಿಯ ಸುತ್ತು, ಅದನ್ನು ಗೆದ್ದವನು ಎಲ್ಲವನ್ನೂ ಗೆದ್ದ ಹಾಗೆ.

ಅಲ್ಲಿಂದ ಅವನ ದೆಸೆಯೇ ತಿರುಗಿತು. ಮಗು ಅಳದ ಅಂಗಡಿ ಎಂದು ಹೆಸರಾಯಿತು. ಅಂಚೆಹುಳು ಬರುವ ಹೊತ್ತಿಗೆ ತಾಯಂದಿರು ಮಕ್ಕಳ ಕೈ ಹಿಡಿದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಮುಂದೆ ಆ ಕಾರ್ಟೂನು ಹೊಸದಾಗಿ ತಯಾರಾಗುವುದು ನಿಂತಿತು. ಆದರೆ ಹಳೆಯದನ್ನೇ ದಿನವಿಡೀ ಹಾಕುವ ಚಾನೆಲ್ಲು ಬಂದದ್ದರಿಂದ ಇವನಿಗೆ ಅನುಕೂಲವೇ ಆಯಿತು. ಮಕ್ಕಳು ಅವನನ್ನು ಕತ್ತರಿ ಮಾಮ ಎಂದು ಕರೆದರು. ಆ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳನ್ನು ಅದೇ ಹಲಗೆಯ ಮೇಲೆ ಕೂರಿಸುವ ಹೊತ್ತಿಗೆ ಮಾಮ ಹೋಗಿ ಕತ್ತರಿ ತಾತ ಆಗಿದ್ದ. ಇಷ್ಟಾದರೂ ಅವನ ಮಾತು ಮಾತ್ರ ಒಂದಕ್ಷರ ಹೆಚ್ಚಾಗಲಿಲ್ಲ. ಹೆಚ್ಚಾಗುವ ಅಗತ್ಯವೂ ಇರಲಿಲ್ಲವೆನ್ನಿ, ಮಾತಾಡಲು ಪೆಟ್ಟಿಗೆ ಇತ್ತಲ್ಲ.

ಮಗ ಬೆಳೆದು ಲಿಫ್ಟ್ ರಿಪೇರಿ ಕಲಿತ. ಮದುವೆಯಾಯಿತು, ಒಂದು ಹೆಣ್ಣು ಮಗುವೂ ಆಯಿತು. ಎಲ್ಲರೂ ಒಂದೇ ಮನೆಯಲ್ಲಿದ್ದರೂ ಅಪ್ಪ ಮಗನ ನಡುವೆ "ಬಂದ್ಯಾ?" "ಬಂದೆ" ಎನ್ನುವುದಕ್ಕಿಂತ ಹೆಚ್ಚಿನ ವ್ಯವಹಾರವಿರಲಿಲ್ಲ. ಜಗಳವೇನೂ ಇಲ್ಲ, ಅಭ್ಯಾಸವಿಲ್ಲ, ಅಷ್ಟೇ. ಕೆಲಸದ ಜಾಗದ ಹತ್ತಿರವೇ ಯಾವುದೋ ಅಂಗಡಿಯಲ್ಲಿ ಮಗ ಕಟಿಂಗ್ ಮಾಡಿಸಿಕೊಂಡು ಬರುತ್ತಿದ್ದ. "ನಿನ್ನಂಗಡೀಲಿ ಯಾವಾಗ್ಲೂ ರಶ್ಶು ಅಪ್ಪ," ಎಂದು ಒಮ್ಮೆ ಹೇಳಿದ್ದ. ಅಪ್ಪ ಅದಕ್ಕೂ ಹೂಂಗುಟ್ಟಿದ್ದ.

ಒಂದು ಸಂಜೆ ಮಗನೇ ಸುದ್ದಿ ತಂದ. "ಅಪ್ಪ, ನಿನ್ನ ಹುಳು ವಾಪಸ್ ಬರ್ತಿದೆ. ಹೊಚ್ಚ ಹೊಸದಾಗಿ ಮಾಡಿದ್ದಾರಂತೆ."

ಕತ್ತರಿ ತಾತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಬೆಳಿಗ್ಗೆ ಟಿವಿಯನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿದ, ಹಲಗೆಗೆ ಬಣ್ಣ ಬಳಿದ. ಮೊದಮೊದಲ ಕಂತುಗಳು ಪರವಾಗಿಲ್ಲ ಎನ್ನುವ ಹಾಗೇ ಇದ್ದವು. ಬಣ್ಣ ಸ್ವಲ್ಪ ಜಾಸ್ತಿ, ಹುಳುವಿನ ಕೆನ್ನೆ ಸ್ವಲ್ಪ ಉಬ್ಬು. ವಯಸ್ಸಾದ ಮೇಲೆ ಬಣ್ಣ ಹಚ್ಚಿಸಿಕೊಳ್ಳುವವರು ತನ್ನ ಅಂಗಡಿಗೂ ಬರುತ್ತಾರಲ್ಲ, ಇರಲಿ ಎಂದುಕೊಂಡ. ಎರಡು ಬೆಲ್ಲು ಇದ್ದವು, ಅವನಿಗೆ ಅಷ್ಟು ಸಾಕಾಗಿತ್ತು.

ಮುಂದಿನ ವರ್ಷ ಒಂದು ಬೆಲ್ಲು ಹೋಯಿತು. ಬಲಗಿವಿ ಸಲೀಸಾಗಿ ಮುಗಿಯುತ್ತಿತ್ತು, ಎಡಗಿವಿ ದೇವರ ದಯೆ. ಆಮೇಲೆ ನೊಣ ಹೋಯಿತು, ಅದರ ಜಾಗಕ್ಕೆ ಡೋಲು ಬಂತು. ಹುಳುವಿಗೆ ಕಪ್ಪು ಕನ್ನಡಕ ಬಂತು, ಕೆಳಗೆ ಚಕ್ರ ಬಂತು, ಮಾತು ಮಾತಿಗೆ ಕಿಸಿಯುವ ಒಂದು ಫೋನು ಗೆಳೆಯನಾಗಿ ಬಂತು. ಕಂತಿಗೊಂದು ಹಾಡು, ಹಾಡಿಗೊಂದು ಕುಣಿತ. ಕಡೆಗೆ ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ಹುಳುವಿನ ಚಿಪ್ಪಿಗೆ ರಾಕೆಟ್ಟು ಕಟ್ಟಿದರು. ಅಲ್ಲಾ ಸ್ವಾಮಿ, ಬಸವನಹುಳುವಿಗೆ ಅವಸರ ಕಲಿಸುವುದೆಂದರೇನು! ಅವಸರವೇ ಬೇಕಿದ್ದರೆ ಕುದುರೆಯನ್ನು ಇಟ್ಟುಕೊಳ್ಳಬಹುದಿತ್ತಲ್ಲ. ಈಗ ಅದು ಬೆಲ್ಲು ಒತ್ತುತ್ತಲೇ ಇರಲಿಲ್ಲ. ಆಕಾಶದಿಂದ ಬಂದು ಬಾಗಿಲನ್ನೇ ಒಡೆದುಕೊಂಡು ಒಳಗೆ ನುಗ್ಗುತ್ತಿತ್ತು. ಢಮಾರ್.

ಕುರ್ಚಿಯ ಮೇಲಿನ ತಲೆಗಳೂ ಢಮಾರಿಗೆ ತಕ್ಕ ಹಾಗೆ ಕುಣಿಯತೊಡಗಿದವು. ತಾತ ಗದ್ದ ಹಿಡಿದು ನೋಡಿದ, ನೆತ್ತಿ ಹಿಡಿದು ನೋಡಿದ. ಟಿವಿ ಆರಿಸಿದರೆ ಮೊದಲಿನ ರಂಪ ಶುರುವಾಗುತ್ತಿತ್ತು. ಒಬ್ಬರ ಕಿವಿಗೆ ಗೀರು ಬಿತ್ತು, ಇನ್ನೊಬ್ಬರ ಕೂದಲು ಮೆಟ್ಟಿಲು ಮೆಟ್ಟಿಲಾಯಿತು. ಕೇಬಲ್ಲಿನವನನ್ನು ಕರೆಸಿ, ತನ್ನ ಲೆಕ್ಕದಲ್ಲಿ ಭಾಷಣವೇ ಎನ್ನಬಹುದಾದಷ್ಟು ಮಾತಾಡಿದ. "ಹಳೇದು ಹಾಕಪ್ಪ. ಎರಡು ಬೆಲ್ಲಿರೋದು."

"ಹಳೇದೆಲ್ಲ ತೆಗೆದ್ಬಿಟ್ಟಿದ್ದಾರೆ ಯಜಮಾನ್ರೇ. ಹೊಸದು ಓಡ್ಬೇಕಲ್ಲ, ಅದಕ್ಕೆ ಹಳೇದು ಎಲ್ಲೂ ಸಿಗಬಾರ್ದಂತೆ," ಎಂದು ಅವನು ಏಣಿ ಹೆಗಲಿಗೇರಿಸಿಕೊಂಡು ಹೋದ.

ಇದೆಲ್ಲದರ ಮೇಲೆ ಉಪ್ಪು ಸವರಿದವಳು ಮೊಮ್ಮಗಳು. ಆರು ವರ್ಷ, ಮನೆಯವರೆಲ್ಲ ಚೂಟಿ ಎಂದೇ ಕರೆಯುವುದು. ಹಳೆಯ ಅಂಚೆಹುಳು ಬರುತ್ತಿದ್ದಾಗ ಅವಳು ಕೈಕೂಸು, ಅವಳು ಕಂಡದ್ದು ರಾಕೆಟ್ಟಿನ ಹುಳು ಮಾತ್ರ, ಹಳೆಯದನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದಳು ಅಷ್ಟೇ. "ಇದೇ ಚೆನ್ನಾಗಿದೆ ತಾತ. ಬೆಲ್ ಹೊಡ್ದು ಸುಮ್ನೆ ನಿಂತ್ಕೊಳ್ಳೋದು ಏನು ಮಜಾ? ಏನೂ ಆಗೋದೇ ಇಲ್ವಲ್ಲ!" ಏನೂ ಆಗದಿರುವುದರ ರುಚಿಯನ್ನು ಆರು ವರ್ಷದವಳಿಗೆ ವಿವರಿಸುವಷ್ಟು ಮಾತು ತಾತನಲ್ಲಿರಲಿಲ್ಲ.

ಅವಳ ಕೂದಲು ಎಂದರೆ ತಾತನಿಗೆ ಪ್ರಾಣ. ಹುಟ್ಟಿದಾಗಿನಿಂದ ಬೇರೆ ಯಾರೂ ಅದಕ್ಕೆ ಕತ್ತರಿ ಮುಟ್ಟಿಸಿರಲಿಲ್ಲ. ಆ ಭಾನುವಾರವೂ ಅವಳು ಹಲಗೆ ಏರಿ ಕೂತಳು. ಟಿವಿಯಲ್ಲಿ ಅಂಚೆಹುಳು ಶುರುವಾಯಿತು. ತಾತನ ಕಿವಿ ನೆಟ್ಟಗಾಯಿತು. ಹಳೆಯದೇ ರಾಗ! ಇರುವೆಗಳ ಹಳೆಯದೇ ಹಾಡು, ಪಿಚ ಪಿಚ ನಡಿಗೆ, ಚೀಲದ ಕಿರ್ ಕಿರ್. ಯಾವುದೋ ಹಳೇ ಕಂತನ್ನೇ ತಿರುಗಿ ಮಾಡಿದ್ದಾರೆ, ಅವರಿಗೂ ಬುದ್ಧಿ ಬಂದಿರಬೇಕು ಎಂದು ಅವನ ಮನಸ್ಸು ಹಗುರಾಯಿತು. ಟಿರಿಂಗ್ ಎಂದೂ ಆಯಿತು. ಅಭ್ಯಾಸದ ಕೈ ಬಲಗಿವಿಯ ಹತ್ತಿರ ಹೋಯಿತು. ಅವನು ಕೂದಲು ತೆಗೆಯುವ ಮೆಷಿನ್ನು ಹಿಡಿದು ನೊಣದ ಸದ್ದಿಗೆ ಕಾಯುತ್ತಿದ್ದ. ಚೂಟಿ ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ.

ಢಮಾರ್.

ಚೂಟಿ ಬೆಚ್ಚಿ ತಿರುಗಿದಳು. ಕಿವಿಯ ಮೇಲಿನ ಕೂದಲು ಹಸು ಮೇಯ್ದ ಹಾಗೆ ಒಂದಂಗೈ ಅಗಲ ಹೋಗಿತ್ತು. ಕಿವಿಯ ಅಂಚಿನಲ್ಲಿ ಒಂದು ತೊಟ್ಟು ರಕ್ತವೂ ಇತ್ತು. ಟಿವಿಯೊಳಗೆ ಮುರಿದ ಬಾಗಿಲ ಮೇಲೆ ಹುಳು ಕುಣಿಯುತ್ತಿತ್ತು.

ಅವಳು ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು, ಆಮೇಲೆ ತಾತನನ್ನು ನೋಡಿದಳು. "ತಾಳು ತಾತ, ಕೆರೀತಿದೆ ಅಂದೆ. ನೀನು ಹುಳು ಮಾತು ಕೇಳ್ತಿದ್ದೆ. ನನ್ನ ಮಾತು ಕೇಳ್ಲೇ ಇಲ್ಲ," ಎಂದಳು. ಮಿಕ್ಕ ಕೂದಲನ್ನೂ ಗಿಡ್ಡ ಮಾಡದೆ ಬೇರೆ ದಾರಿಯಿರಲಿಲ್ಲ. ಹಲಗೆಯಿಂದ ಇಳಿಯುವಾಗ ಇನ್ನೊಂದು ಮಾತು ಹೇಳಿದಳು. "ಇನ್ನು ನಿನ್ನ ಹತ್ರ ಕಟಿಂಗ್ ಬೇಡ."

ಸುದ್ದಿಗೆ ಕಾಲಿರುತ್ತದಲ್ಲ. ಸ್ವಂತ ಮೊಮ್ಮಗಳ ಕಿವಿಯನ್ನೇ ಬಿಡಲಿಲ್ಲವಂತೆ ಎಂದು ಬೀದಿಯಲ್ಲಿ ಮಾತಾಯಿತು. ಮುಖ್ಯರಸ್ತೆಯಲ್ಲಿ ಕಾರಿನ ಆಕಾರದ ಕುರ್ಚಿ ಇಟ್ಟ ಹೊಸ ಸಲೂನು ಬಂದಿತ್ತು, ತಾಯಂದಿರು ಅತ್ತ ನಡೆದರು. ಬೆಂಚು ಖಾಲಿಯಾಯಿತು. ತಾತನಿಗೆ ಅದರ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಅಂಗಡಿ ಹೋದರೆ ಹೋಗಲಿ, ಆ ಮಗು ಇನ್ನು ತನ್ನ ಕೈಗೆ ತಲೆ ಕೊಡುವುದಿಲ್ಲವಲ್ಲ ಎಂಬುದು ಎದೆಯಲ್ಲಿ ಕೂತುಬಿಟ್ಟಿತ್ತು. ಊಟ ಸೇರುತ್ತಿರಲಿಲ್ಲ. ಕತ್ತರಿ ಹಿಡಿದರೆ ಕೈ ಹಿಂದೆ ಸರಿಯುತ್ತಿತ್ತು.

"ಬಾಯಿ ಬಿಟ್ಟು ಒಂದು ಮಾತಾಡ್ರೀ ಆ ಮಗು ಹತ್ರ! ಕಂದಾ, ತಪ್ಪಾಯ್ತು ಅನ್ನಿ. ನಾಲಿಗೆ ಸವೆದುಹೋಗತ್ತಾ?" ಎಂದು ಹೆಂಡತಿ ದಿನಾ ತಿವಿದಳು. ತಾತ ಧೈರ್ಯ ಮಾಡಿ ಚೂಟಿಯ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಅವಳು ತಲೆ ಎತ್ತಿ ನೋಡುತ್ತಿದ್ದಳು. "ನೀರು ಕುಡಿದ್ಯಾ?" ಎನ್ನುತ್ತಿದ್ದ. "ಕುಡಿದೆ," ಎನ್ನುತ್ತಿದ್ದಳು. ಅಲ್ಲಿಗೆ ರಾಜಿ ಪಂಚಾಯಿತಿ ಮುಗಿಯುತ್ತಿತ್ತು.

ಕೂದಲು ಮಾತ್ರ ಯಾರ ಸಿಟ್ಟನ್ನೂ ಲೆಕ್ಕಕ್ಕಿಡದೆ ಬೆಳೆಯಿತು. ಹಣೆಯಿಂದ ಇಳಿದು ಕಣ್ಣಿಗೆ ಬಿತ್ತು. ಸೊಸೆ ಅವಳನ್ನು ಕಾರಿನ ಕುರ್ಚಿಯ ಸಲೂನಿಗೆ ಕರೆದುಕೊಂಡು ಹೋದಳು. ಚೂಟಿ ಕೆಂಪು ಕಾರು ಹತ್ತಿದಳು, ಹಾರ್ನು ಒತ್ತಿದಳು, ಕತ್ತರಿ ಹತ್ತಿರ ಬರುತ್ತಲೇ ಇಳಿದು ಹೊರಗೆ ಓಡಿದಳು. ಅಲ್ಲಿಂದ ಓಡಿದವಳು ನಿಂತದ್ದು ತಾತನ ಅಂಗಡಿಯ ಮುಂದೆ. ಸೊಸೆ ಏದುಸಿರು ಬಿಡುತ್ತ ಹಿಂದೆ ಬಂದಳು.

"ಅಲ್ಲೂ ಟಿವಿ ಇದೆ ತಾತ. ಅಲ್ಲೂ ಅದೇ ಹುಳು. ಢಮಾರ್ ಅಂದ್ರೆ ನಾನು ಅಲ್ಲಾಡ್ತೀನಿ, ನಂಗೊತ್ತು," ಎಂದಳು ಚೂಟಿ. "ನೀನು ಟಿವಿ ಹಾಕ್ಬಾರ್ದು. ನಾನು ತಾಳು ಅಂದ್ರೆ ನಿಲ್ಲಿಸ್ಬೇಕು. ಆಮೇಲೆ ಕಥೆ ಹೇಳ್ಬೇಕು. ಆಗ ಮಾಡಿಸ್ಕೊಳ್ತೀನಿ."

ಮೊದಲ ಎರಡಕ್ಕೆ ತಾತ ತಟ್ಟನೆ ತಲೆಯಾಡಿಸಿದ. ಮೂರನೆಯದಕ್ಕೆ ಬೆವರಿದ. ಆದರೂ ಹಲಗೆ ಇಟ್ಟ, ಬಟ್ಟೆ ಕಟ್ಟಿದ. ಸೊಸೆ ಬೆಂಚಿನ ಮೇಲೆ ಕೂತಳು. ಟಿವಿ ಇಲ್ಲದ ಅಂಗಡಿ ಎಷ್ಟು ಸದ್ದಿಲ್ಲದ ಜಾಗ ಎಂಬುದು ತಾತನಿಗೆ ಅವತ್ತೇ ತಿಳಿದದ್ದು.

"ಒಂದು ಹುಳು ಇತ್ತು," ಎಂದ.

"ಆಮೇಲೆ?"

"ಹೋಯ್ತು."

"ಎಲ್ಲಿಗೆ?"

"ಮನೆಗೆ. ಕಾಗದ ಕೊಡೋಕೆ."

"ತಾತ, ಕಥೆ ಹಿಂಗ್ ಹೇಳ್ತಾರಾ? ಹೆಂಗ್ ಹೋಯ್ತು ಹೇಳು!"

ತಾತನಿಗೆ ಮಾತು ಬರಲಿಲ್ಲ. ಆದರೆ ಸದ್ದು ಬಂತು. ತುಟಿ ಒತ್ತಿ ಪಿಚ ಪಿಚ ಎಂದ. ಚೂಟಿ ಕಿಸಕ್ಕೆಂದು ನಕ್ಕಳು. ಅವಳ ನಗು ಮುಗಿಯುವವರೆಗೆ ಕತ್ತರಿ ಹಿಡಿದು ಕಾದ. ಆಮೇಲೆ ಚೀಲದ ಕಿರ್ ಕಿರ್ ಬಂತು, ಇರುವೆಗಳ ಹಾಡು ಬಂತು, ಅವು ಹಿಂದೆ ಹಾಕಿ ಹೋದದ್ದು, ವಾಪಸ್ಸು ಬಂದದ್ದು, ಎಲ್ಲ ಬಂತು. ಮದುವೆಯಾದಂದಿನಿಂದ ಹೆಂಡತಿ ಕೇಳದಷ್ಟು ದನಿಯನ್ನು ಸೊಸೆ ಆ ಮಧ್ಯಾಹ್ನ ಕೂತಲ್ಲೇ ಕೇಳಿದಳು. ಟಿರಿಂಗ್ ಎಂದ ತಾತ. ನಾಲಿಗೆಯ ತುದಿಯಲ್ಲಿ ನೊಣ ಗುಂಯ್ ಎಂದಿತು. ಚೂಟಿ ಅಲ್ಲಾಡಲಿಲ್ಲ. ಗೀರು ಮಾಸಿದ್ದ ಬಲಗಿವಿ ಮುಗಿಯಿತು.

"ಯಾರೂ ತೆಗೀಲಿಲ್ವಾ?" ಎಂದು ಪಿಸುಗುಟ್ಟಿದಳು.

"ಊಹೂಂ. ಮತ್ತೆ ಒತ್ತಿತು. ಟಿರಿಂಗ್."

ಎಡಗಿವಿಯನ್ನು ಬೆರಳಿನಿಂದ ಮೆಲ್ಲಗೆ ಮಡಿಸಿ ಹಿಡಿದ. ಕತ್ತರಿ ನಡೆಯಿತು. ಟಕ್ ಎಂದು ನಾಲಿಗೆಯಲ್ಲಿ ಚಿಲಕ ತೆಗೆದ.

"ಯಾರು? ಯಾರು ತೆಗೆದಿದ್ದು ತಾತ?"

ಅದು ತಾತನಿಗೂ ಗೊತ್ತಿಲ್ಲ! ಅಷ್ಟು ವರ್ಷ, ಅಷ್ಟು ಕಂತು, ಬಾಗಿಲು ತೆರೆದವರು ಯಾರೆಂದು ಅವನು ಒಮ್ಮೆಯೂ ಕಂಡಿರಲಿಲ್ಲ. ಬೆಲ್ಲು ಒತ್ತಿದಾಗೆಲ್ಲ ಅವನ ಕಣ್ಣು ಬಾಗಿಲ ಮೇಲೆ ಇರುತ್ತಿರಲಿಲ್ಲ. ಟಕ್ ಎಂದಾಗ ಅವನು ಗೂಡಿನ ಕಡೆ ತಿರುಗಿರುತ್ತಿದ್ದ. ಅಂಗಡಿ ತುಂಬ ನಗು ಕೇಳಿಸುತ್ತಿತ್ತು, ಅವನೂ ಸುಮ್ಮನೆ ಸಂತೋಷಪಡುತ್ತಿದ್ದ.

"ನಂಗೊತ್ತಿಲ್ಲ ಕಂದ," ಎಂದ. "ನಾನು ನೋಡ್ಲೇ ಇಲ್ಲ."

"ದಿನಾ ಹಾಕ್ತಿದ್ದೆ! ಮತ್ತೆ ಏನ್ ನೋಡ್ತಿದ್ದೆ?"

"ಕಿವಿ ನೋಡ್ತಿದ್ದೆ." ಅವಳ ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ಹೇಳಿದ. "ನಿನ್ನ ಈ ಕಿವಿ ಹಿಂದೆ ಒಂದು ಮಚ್ಚೆ ಇದೆ. ನಿಮ್ಮಪ್ಪನಿಗೂ ಅಲ್ಲೇ ಇದೆ."

ಚೂಟಿಗೆ ಬಾಗಿಲು ಮರೆತೇ ಹೋಯಿತು. "ಎಲ್ಲಿ? ತೋರ್ಸು!"

ತಾತ ಕೈಗನ್ನಡಿ ತೆಗೆದು ಅವಳ ಕಿವಿಯ ಹಿಂದೆ ಹಿಡಿದ. ಅವಳು ದೊಡ್ಡ ಕನ್ನಡಿಯೊಳಗಿನ ಸಣ್ಣ ಕನ್ನಡಿಯೊಳಗೆ ಸಾಸಿವೆಕಾಳಿನಷ್ಟು ಕಪ್ಪನ್ನು ನೋಡುತ್ತ ಎಷ್ಟೋ ಹೊತ್ತು ಅಲ್ಲಾಡದೆ ಕೂತಳು.

"ಅಪ್ಪಂಗೆ ಗೊತ್ತಾ, ಅವ್ನಿಗೂ ಇರೋದು?"

"ಇಲ್ಲ."

"ನೀನ್ಯಾಕೆ ಹೇಳ್ಲಿಲ್ಲ?"

"ಅವನು ಟಿವಿ ನೋಡ್ತಿದ್ದ," ಎಂದ ತಾತ.

ಸಂಜೆ ಅಂಗಡಿ ಮುಚ್ಚುವ ಮುಂಚೆ ಚೂಟಿ ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದಳು. ಕೆಲಸದ ಬಟ್ಟೆಯಲ್ಲೇ ಇದ್ದ ಮಗ ಬಾಗಿಲಲ್ಲಿ ನಿಂತು, ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿಯದವನಂತೆ ತಲೆ ಕೆರೆದುಕೊಂಡ.

"ಕಟಿಂಗ್ ಮಾಡ್ತೀಯಾ ಅಪ್ಪ? ಹೊತ್ತಾಯ್ತೇನೋ?"

"ಕೂತ್ಕೋ," ಎಂದ ತಾತ.

ಈ ಸಲ ಹಲಗೆ ಬೇಕಾಗಲಿಲ್ಲ. ಕಿವಿಯ ಸುತ್ತ ಮಗನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೋ ತಾತನಿಗೆ ಗೊತ್ತಿರಲಿಲ್ಲ. ಎಡಗಿವಿಯನ್ನು ಮಡಿಸಿ ಹೆಬ್ಬೆರಳಿಟ್ಟ.

"ಇಲ್ಲಿ," ಎಂದ. ಅಷ್ಟಕ್ಕೇ ನಿಲ್ಲಿಸುವ ಮನುಷ್ಯ. ಅವತ್ತು ನಿಲ್ಲಿಸಲಿಲ್ಲ. "ನೀನು ಹುಟ್ಟಿದಾಗಲೇ ಇತ್ತು ಇದು. ನಿಮ್ಮಮ್ಮನಿಗೂ ಗೊತ್ತಿಲ್ಲ. ಮೊದಲು ನೋಡಿದ್ದು ನಾನೇ ಕಣೋ."

ಕನ್ನಡಿಯಲ್ಲಿ ಮಗನ ಕಣ್ಣು ಅಪ್ಪನ ಮುಖವನ್ನು ನೋಡಿತು. "ಆಮೇಲೆ ಅಪ್ಪ?" ಎಂದ ಮಗ.